ಓದುಗರ ಪ್ರಶ್ನೆ, ನಮ್ಮ ಉತ್ತರ: ನಡುಬೇಸಿಗೆಯಲ್ಲಿ ಔಟ್‌ಬ್ಯಾಕ್ ದಾರಿ

ಕಾರು, ಟೆಂಟು ಕಟ್ಟಿಕೊಂಡು ಆಸ್ಟ್ರೇಲಿಯದ ಒಳನಾಡು ಸುತ್ತುವ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಕಾಸರಗೋಡಿನಿಂದ ಮತ್ತು ಗಡಿಯಾಚೆಯ ಕನ್ನಡದ ಊರುಗಳಿಂದ ಬಂದಿವೆ. ಮಕ್ಕಳು ಅಡಿಲೇಡ್, ಮೆಲ್ಬರ್ನ್ ಕಡೆ ನೆಲೆಸಿರುವ ಮನೆಗಳವರು ಇವರು. ಅಲ್ಲಿ ಶಾಲೆಗೆ ದೊಡ್ಡ ರಜೆ ಡಿಸೆಂಬರ್ ನಡುವಿನಿಂದ ಜನವರಿ ಕೊನೆಯವರೆಗೆ. ಅದೇ ಅಲ್ಲಿನ ಕಡುಬೇಸಿಗೆಯೂ ಹೌದು. ಹಾಗಾಗಿ ಎಲ್ಲ ಪತ್ರಗಳಲ್ಲೂ ಬಿಸಿಲಿನ ಮಾತೇ ಮುಂದು.

ಪ್ರಶ್ನೆ: ಮಗ ಅಡಿಲೇಡ್‌ನಲ್ಲಿದ್ದಾನೆ. ಅವನಿಗೆ ರಜೆ ಸಿಗುವುದು ಜನವರಿಯಲ್ಲಿ ಮಾತ್ರ. ನಾವಿಬ್ಬರು, ಅವರಿಬ್ಬರು, ಒಟ್ಟು ನಾಲ್ವರು ಉಲುರು ಬಂಡೆಯವರೆಗೆ ಕಾರಿನಲ್ಲಿ ಹೋಗಿ ಟೆಂಟ್ ಹಾಕಿ ಉಳಿಯಬೇಕೆಂದಿದ್ದೇವೆ. ಆ ಬಿಸಿಲಲ್ಲಿ ಹೋಗಬಹುದೆ?
— ಬದಿಯಡ್ಕದ ಓದುಗರು

ಉತ್ತರ: ಹೋಗಬಹುದು. ಆದರೆ ಡಾಂಬರು ರಸ್ತೆ ಬಿಟ್ಟು ಇಳಿಯುವುದಿಲ್ಲ ಎಂದು ಮನೆಯಲ್ಲೇ ಮಾತಾಡಿಕೊಂಡು ಹೊರಡಿ. ಅಡಿಲೇಡ್‌ನಿಂದ ಉಲುರುವಿಗೆ ಸುಮಾರು 1,600 ಕಿಲೋಮೀಟರ್, ಪೂರ್ತಿ ಡಾಂಬರು. ಪೋರ್ಟ್ ಆಗಸ್ಟಾದವರೆಗೆ 310, ಅಲ್ಲಿಂದ ಸ್ಟುವರ್ಟ್ ಹೆದ್ದಾರಿಯಲ್ಲಿ ಕೂಬರ್ ಪೀಡಿಗೆ 540, ಮಾರ್ಲಾಕ್ಕೆ 235, ಗಡಿ ದಾಟಿ ಕುಲ್ಗೆರಾಕ್ಕೆ 180, ಎರ್ಲ್‌ಡಂಡಾಕ್ಕೆ 75. ಅಲ್ಲಿ ಎಡಕ್ಕೆ ತಿರುಗಿ ಲ್ಯಾಸೆಟರ್ ಹೆದ್ದಾರಿಯಲ್ಲಿ 245 ಕಿ.ಮೀ. ಹೋದರೆ ಯುಲಾರಾ. ರಾಷ್ಟ್ರೀಯ ಉದ್ಯಾನದೊಳಗೆ ಟೆಂಟ್ ಹಾಕಲು ಬಿಡುವುದಿಲ್ಲ. ಕ್ಯಾಂಪ್ ಮೈದಾನ ಇರುವುದು ಯುಲಾರಾದಲ್ಲಿ.

ಈ ಹಾದಿಯಲ್ಲಿ ಲೆಕ್ಕ ತಪ್ಪುವ ಜಾಗ ಒಂದಿದೆ. ಪೋರ್ಟ್ ಆಗಸ್ಟಾದಿಂದ 170 ಕಿ.ಮೀ. ದೂರದ ಪಿಂಬಾ ದಾಟಿದರೆ ಕೂಬರ್ ಪೀಡಿಗೆ ಇನ್ನೂ ಸುಮಾರು 365. ಮಂಗಳೂರಿನಿಂದ ಬೆಂಗಳೂರಿಗೆ ಹೋದಷ್ಟು ದೂರ, ನಡುವೆ ಇರುವುದು ಗ್ಲೆಂಡಾಂಬೊ ಒಂದೇ. ಅಲ್ಲಿ ಬಂಕ್ ತೆರೆದಿದೆಯೇ ಎಂದು ಪೋರ್ಟ್ ಆಗಸ್ಟಾದಲ್ಲಿ ವಿಚಾರಿಸಿ, ತೆರೆದಿಲ್ಲ ಎಂದೇ ಎಣಿಸಿ ಪಿಂಬಾದಲ್ಲಿ ಟ್ಯಾಂಕ್ ತುಂಬಿಸಿ. ಬೇಸಿಗೆಯಲ್ಲಿ ಎ.ಸಿ. ನಿಲ್ಲಿಸುವ ಹಾಗಿಲ್ಲ, ಎದುರುಗಾಳಿ ಬಲವಾಗಿರುತ್ತದೆ, ತಲೆಯ ಮೇಲೆ ಸಾಮಾನು ಬೇರೆ. ಊರಲ್ಲಿ ಲೀಟರಿಗೆ 12 ಕೊಡುವ ಗಾಡಿ ಅಲ್ಲಿ 9 ಕೊಟ್ಟರೂ ಆಶ್ಚರ್ಯವಿಲ್ಲ. ಟ್ಯಾಂಕ್ ಅರ್ಧಕ್ಕೆ ಇಳಿದ ಮೇಲೆ ಸಿಕ್ಕಿದ ಮೊದಲ ಬಂಕ್‌ನಲ್ಲಿ ತುಂಬಿಸಿ. ದರ ನೋಡಿ ಮುಂದಿನದಕ್ಕೆ ಬಿಡಬೇಡಿ. ಒಳನಾಡಿನ ಎಷ್ಟೋ ಕಡೆ ಸಾದಾ ಪೆಟ್ರೋಲಿನ ಬದಲು ಓಪಲ್ ಎಂಬ ಇಂಧನ ಇರುತ್ತದೆ. ನಶೆಗಾಗಿ ಪೆಟ್ರೋಲ್ ಮೂಸುವ ಚಟ ತಪ್ಪಿಸಲೆಂದು ಮಾಡಿದ್ದು ಅದು. ಸಾದಾ ಪೆಟ್ರೋಲ್ ಕಾರಿಗೆ ಧಾರಾಳವಾಗಿ ಹಾಕಬಹುದು.

ಐದು ದಿನಕ್ಕೆ ಹರಡಿ ಹೋಗಿ. ಮೊದಲ ದಿನ ಪೋರ್ಟ್ ಆಗಸ್ಟಾ, ಎರಡನೆಯ ದಿನ ಕೂಬರ್ ಪೀಡಿ. ಮೂರನೆಯ ದಿನ ಅಲ್ಲೇ ಇರಿ. 1915ರಿಂದ ಓಪಲ್ ಕಲ್ಲು ಅಗೆಯುತ್ತಿರುವ ಊರದು. ಜನ ನೆಲದೊಳಗೆ ಕೊರೆದ ಮನೆಗಳಲ್ಲಿ ಬದುಕುತ್ತಾರೆ. ಹೊರಗೆ 45 ಡಿಗ್ರಿ ಇದ್ದಾಗಲೂ ಒಳಗೆ 24ರ ಆಸುಪಾಸು. ಬಾಡಿಗೆ ಕೋಣೆಗಳೂ ನೆಲದೊಳಗೇ ಸಿಗುತ್ತವೆ. ಹಿರಿಯರ ಮೈಗೆ ಆ ಒಂದು ದಿನದ ವಿಶ್ರಾಂತಿ ತೀರಾ ಅಗತ್ಯ, ಟೆಂಟಿನ ಹಟ ಅಲ್ಲಿ ಬಿಡಿ. ನಾಲ್ಕನೆಯ ದಿನ ಎರ್ಲ್‌ಡಂಡಾ, ಐದನೆಯ ದಿನ ಯುಲಾರಾ. ದಿನವೂ ಸೂರ್ಯ ಹುಟ್ಟಿ ಅರ್ಧ ಗಂಟೆ ಕಳೆದ ಮೇಲೆ ಹೊರಟು ಮಧ್ಯಾಹ್ನ ಒಂದರೊಳಗೆ ಗಾಡಿ ನಿಲ್ಲಿಸಿ. ದಕ್ಷಿಣ ಆಸ್ಟ್ರೇಲಿಯ ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದಿಡುತ್ತದೆ, ಉಲುರು ಇರುವ ನಾರ್ದರ್ನ್ ಟೆರಿಟರಿ ಇಡುವುದಿಲ್ಲ. ಗಡಿ ದಾಟಿದೊಡನೆ ಗಂಟೆ ಹಿಂದಾಗುತ್ತದೆ. ಮರಳಿ ಬರುವಾಗ ಅದೇ ಒಂದು ಗಂಟೆ ಕೈಬಿಟ್ಟು ಹೋಗುತ್ತದೆ. ಬಂಕ್ ಮುಚ್ಚುವ ಹೊತ್ತನ್ನು ಅದಕ್ಕೆ ತಕ್ಕಂತೆ ನೋಡಿಕೊಳ್ಳಿ.

ಉದ್ಯಾನದ ಬಾಗಿಲು ಡಿಸೆಂಬರಿನಿಂದ ಫೆಬ್ರವರಿವರೆಗೆ ಬೆಳಿಗ್ಗೆ 5ಕ್ಕೇ ತೆರೆಯುತ್ತದೆ. ಬಂಡೆಯ ಸುತ್ತ ನಡೆಯುವ ದಾರಿ 10.6 ಕಿ.ಮೀ. ಬೆಳಕಾಗುವ ಮೊದಲೇ ಹೊರಟರೆ ಮಾತ್ರ ಅದನ್ನು ಯೋಚಿಸಿ. 11 ಗಂಟೆಯ ನಂತರ ನಡಿಗೆ ಬೇಡ. ಅದೇ ಉದ್ಯಾನದ ಇನ್ನೊಂದು ಬಂಡೆಗಳ ಗುಂಪಾದ ಕಾಟಾ ಜುಟಾದ ವ್ಯಾಲಿ ಆಫ್ ದಿ ವಿಂಡ್ಸ್ ನಡಿಗೆ ದಾರಿಯನ್ನಂತೂ 36 ಡಿಗ್ರಿ ಮುನ್ಸೂಚನೆ ಇದ್ದ ದಿನ 11 ಗಂಟೆಗೆ ‘ಕಾರು’ ಎಂಬ ಹೆಸರಿನ ಲುಕೌಟ್‌ನಿಂದಾಚೆ ಮುಚ್ಚುತ್ತಾರೆ. ಜನವರಿಯಲ್ಲಿ ಹೆಚ್ಚಿನ ದಿನಗಳೂ ಹಾಗೆಯೇ. ಬಂಡೆ ಹತ್ತುವುದು 2019ರ ಅಕ್ಟೋಬರ್ 26ರಿಂದ ನಿಂತಿದೆ. ಅದು ಅಲ್ಲಿಯ ಮೂಲನಿವಾಸಿಗಳಾದ ಅನಂಗು ಜನರಿಗೆ ಪವಿತ್ರ ಸ್ಥಳ. ಕೆಲವು ಕಡೆ ಫೋಟೊ ತೆಗೆಯಬಾರದೆಂಬ ಫಲಕವಿದೆ, ದೇವಸ್ಥಾನದ ಗರ್ಭಗುಡಿಯೆದುರು ನಡೆದುಕೊಳ್ಳುವಂತೆಯೇ ಅಲ್ಲೂ ನಡೆದುಕೊಳ್ಳಿ.

ಊಡ್ನಡಾಟಾ ಟ್ರ್ಯಾಕ್, ಬರ್ಡ್ಸ್‌ವಿಲ್ ಟ್ರ್ಯಾಕ್, ಗ್ರೇಟ್ ಸೆಂಟ್ರಲ್ ರೋಡ್ ಇವೆಲ್ಲ ಮಣ್ಣಿನ ದಾರಿ. ಜನವರಿಗಲ್ಲ. ಸಿಂಪ್ಸನ್ ಮರುಭೂಮಿಯ ಉದ್ಯಾನಗಳನ್ನು ಸರಕಾರವೇ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಮುಚ್ಚಿಡುತ್ತದೆ. ಜೂನ್, ಜುಲೈಯಲ್ಲಿ ರಜೆ ಹೊಂದಿಸಿಕೊಳ್ಳಲು ಸಾಧ್ಯವಾದರೆ ಆ ದಾರಿಗಳ ಮಾತು ಬೇರೆ.

ಪ್ರಶ್ನೆ: ನಮಗೆ ಏಪ್ರಿಲ್, ಮೇ ತಿಂಗಳಲ್ಲಿ 42–43 ಡಿಗ್ರಿ ಹೊಸದಲ್ಲ. ಅಲ್ಲಿಯ ಬಿಸಿಲಿಗೆ ಇಷ್ಟು ಹೆದರಿಸುವುದು ಯಾಕೆ? ನೀರು ಎಷ್ಟು ಒಯ್ಯಬೇಕು?
— ಅಕ್ಕಲಕೋಟೆಯ ಓದುಗರು

ಉತ್ತರ: ಬಿಸಿಲಿನ ಜಾತಿ ನಿಮಗೆ ಗೊತ್ತಿರುವುದೇ. ಅದು ಕಾಸರಗೋಡಿನ ಸೆಖೆಯಲ್ಲ, ನಿಮ್ಮ ಕಡೆಯ ಝಳ. ಊಡ್ನಡಾಟಾದಲ್ಲಿ 1960ರ ಜನವರಿ 2ರಂದು 50.7 ಡಿಗ್ರಿ ದಾಖಲಾಗಿದೆ. ಆದರೆ ಅಕ್ಕಲಕೋಟೆಯಿಂದ ಸೊಲ್ಲಾಪುರಕ್ಕೆ ಹೋಗುವ 40 ಕಿ.ಮೀ.ಯಲ್ಲಿ ಎಷ್ಟು ಹಳ್ಳಿ, ಎಷ್ಟು ಬೋರ್‌ವೆಲ್, ಎಷ್ಟು ಬೇವಿನ ಮರ! ಅಲ್ಲಿ 200 ಕಿ.ಮೀ.ಯಲ್ಲಿ ಒಂದೂ ಇಲ್ಲದಿರಬಹುದು. ಮನೆಯಲ್ಲಿ 43 ಡಿಗ್ರಿ ತಾಳಿದವರು ಮಧ್ಯಾಹ್ನ ಗೋಡೆಯ ನೆರಳಲ್ಲಿ, ಮಡಿಕೆಯ ನೀರಿನ ಪಕ್ಕ ಕೂತು ತಾಳಿದ್ದು. ಬಯಲಲ್ಲಿ ಟಯರು ಬದಲಿಸುತ್ತ ಅಲ್ಲ.

ಕರಾವಳಿಯವರಿಗೆ ಇನ್ನೊಂದು ಮಾತು. ನಿಮ್ಮಲ್ಲಿ ಬೆವರು ಇಳಿಯುವುದು ಕಾಣುತ್ತದೆ, ಅಂಗಿ ಒದ್ದೆಯಾಗುತ್ತದೆ, ಬಾಯಾರಿಕೆ ನೆನಪಾಗುತ್ತದೆ. ಒಣಗಾಳಿಯಲ್ಲಿ ಬೆವರು ಚರ್ಮದ ಮೇಲೆ ಬರುತ್ತಿದ್ದಂತೆ ಆರಿಹೋಗುತ್ತದೆ. ಮೈ ಒಣಗಿದೆ, ನಾನು ಬೆವರಿಲ್ಲ ಎಂದುಕೊಳ್ಳುತ್ತೀರಿ. ಸಂಜೆ ಕಪ್ಪು ಅಂಗಿಯ ಬೆನ್ನು ನೋಡಿದರೆ ಉಪ್ಪಿನ ಬಿಳಿ ಗೆರೆ ನಕ್ಷೆ ಬರೆದಂತೆ ಕಾಣುತ್ತದೆ. ಕೆಲಸ ಮಾಡುವಾಗ ಗಂಟೆಗೆ ಒಂದು ಲೀಟರ್ ಹೋಗುವುದು ದೊಡ್ಡ ಮಾತಲ್ಲ.

ಲೆಕ್ಕ ಹೀಗಿಡಿ. ಒಬ್ಬರಿಗೆ ದಿನಕ್ಕೆ 10 ಲೀಟರ್: ಕುಡಿಯಲು 6, ಅಡುಗೆಗೆ ಮತ್ತು ಕೈ, ಮುಖ, ಪಾತ್ರೆಗೆ ಉಳಿದ 4. ನಾಲ್ವರಿಗೆ ದಿನಕ್ಕೆ 40. ಡಾಂಬರು ಹೆದ್ದಾರಿಯಲ್ಲಿ ಎರಡು ದಿನಕ್ಕೆ ಸಾಕಾಗುವ 80 ಲೀಟರ್ ಸದಾ ಗಾಡಿಯಲ್ಲಿರಲಿ. ಒಂದೇ ದೊಡ್ಡ ಟ್ಯಾಂಕ್ ಬೇಡ. 20 ಲೀಟರಿನ ನಾಲ್ಕು ಕ್ಯಾನ್ ಇರಲಿ, ಒಂದು ಒಡೆದರೂ ಮೂರು ಉಳಿಯುತ್ತವೆ. ಹೊರಡುವ ಮುಂಚೆ ತುಂಬಿಸಿ ರಾತ್ರಿಯಿಡೀ ಮಗುಚಿ ಮಲಗಿಸಿಡಿ, ಮುಚ್ಚಳ ಸೋರುವುದಿದ್ದರೆ ಮನೆಯಲ್ಲೇ ಗೊತ್ತಾಗುತ್ತದೆ. ದಾರಿಯ ಎಷ್ಟೋ ತಾಣಗಳಲ್ಲಿ ನಲ್ಲಿಯ ನೀರು ಬೋರ್‌ನ ಸವುಳು ನೀರು. ಕೈ ತೊಳೆಯಲು ಸರಿ, ಕುಡಿಯಲು ಅಲ್ಲ.

ಬಾಯಾರುವವರೆಗೆ ಕಾಯಬೇಡಿ. ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟ. ಆದರೆ ಬರಿಯ ನೀರನ್ನೇ ಕೊಡಕೊಡ ಕುಡಿಯುವುದೂ ತಪ್ಪು, ರಕ್ತದಲ್ಲಿ ಸೋಡಿಯಂ ಇಳಿದು ತಲೆನೋವು, ವಾಕರಿಕೆ ಬರುತ್ತದೆ. ಊಟದಲ್ಲಿ ಉಪ್ಪು ಇರಲಿ. ಹೆಚ್ಚು ಬೆವರಿದ ದಿನ ಒಂದು ಲೀಟರ್ ನೀರಿಗೆ ಒಂದು ಪ್ಯಾಕೆಟ್ ಓ.ಆರ್.ಎಸ್. ಕಲಸಿ. ಪ್ಯಾಕೆಟ್ ಇಲ್ಲದಿದ್ದರೆ ಒಂದು ಲೀಟರಿಗೆ ಸಮತಟ್ಟಾದ 6 ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪಿನ ಅಳತೆ ತಪ್ಪಬಾರದು. ಬಿ.ಪಿ.ಗೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು, ಹೃದಯ ಮತ್ತು ಕಿಡ್ನಿ ತೊಂದರೆ ಇರುವವರು ಎಷ್ಟು ನೀರು, ಎಷ್ಟು ಉಪ್ಪು ಎಂದು ಹೊರಡುವ ಮೊದಲೇ ತಮ್ಮ ಡಾಕ್ಟರಲ್ಲಿ ಕೇಳಲೇಬೇಕು.

ಮೂತ್ರ ಕಡು ಹಳದಿಯಾದರೆ, ಮೀನಖಂಡ ಹಿಡಿದುಕೊಂಡರೆ, ತಲೆ ಸುತ್ತಿದರೆ ಅಲ್ಲಿಗೇ ನಿಲ್ಲಿ, ನೆರಳು, ನೀರು, ವಿಶ್ರಾಂತಿ. ಮಾತು ತೊದಲಿದರೆ, ಅಸಂಬದ್ಧ ಆಡಿದರೆ, ಮೈ ಕೆಂಡದಂತಾದರೆ ಅದು ಹೀಟ್ ಸ್ಟ್ರೋಕ್. ಬೆವರು ಬರುತ್ತಿದ್ದರೂ ಆಗಿರಬಹುದು. ಆಗ ಆಸ್ಪತ್ರೆಗೆ ಓಡಿಸುವ ಅವಸರಕ್ಕಿಂತ ಮೈ ತಣಿಸುವುದು ಮೊದಲು. ಒಬ್ಬರು ಅಲ್ಲಿಯ ತುರ್ತು ಸಂಖ್ಯೆ 000ಗೆ ಕರೆ ಮಾಡುತ್ತಿರಲಿ, ಇನ್ನೊಬ್ಬರು ಬಟ್ಟೆ ಸಡಿಲಿಸಿ ಮೈತುಂಬ ನೀರು ಸುರಿದು ಜೋರಾಗಿ ಗಾಳಿ ಬೀಸಲಿ. ಕತ್ತು, ಕಂಕುಳು, ತೊಡೆಸಂದಿಗೆ ಫ್ರಿಜ್‌ನ ತಣ್ಣನೆಯ ಬಾಟಲಿ ಇಡಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬಾರದು. ಪ್ಯಾರಾಸಿಟಮಾಲ್ ಇಲ್ಲಿ ಕೆಲಸಕ್ಕೆ ಬಾರದು, ಇದು ಸೋಂಕಿನ ಜ್ವರವಲ್ಲ.

ಪ್ರಶ್ನೆ: ಇಲ್ಲಿಯ ಲೈಸೆನ್ಸ್ ಅಲ್ಲಿ ನಡೆಯುತ್ತದೆಯೆ? ಬಿಸಿಲು ತಪ್ಪಿಸಲು ರಾತ್ರಿ ಗಾಡಿ ಓಡಿಸಿದರೆ ಆಗದೆ?
— ತಾಳವಾಡಿಯ ಓದುಗರು

ಉತ್ತರ: ನಿಮ್ಮ ಆರ್.ಟಿ.ಓ. ಕೊಡುವ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಳ್ಳಿ. ಒಂದು ವರ್ಷ ನಡೆಯುತ್ತದೆ. ಮೂಲ ಲೈಸೆನ್ಸ್ ಜತೆಗಿರಲೇಬೇಕು, ಪರ್ಮಿಟ್ ಒಂದನ್ನೇ ತೋರಿಸಿದರೆ ಆಗದು. ಅಲ್ಲೂ ಎಡಬದಿಯ ಸಂಚಾರ.

ರಾತ್ರಿ ಬೇಡವೇ ಬೇಡ. ಬಣ್ಣಾರಿ–ದಿಂಬಂ ಘಾಟಿಯಲ್ಲಿ ರಾತ್ರಿ ಸಂಚಾರ ಯಾಕೆ ನಿಲ್ಲಿಸಿದ್ದಾರೆಂದು ತಾಳವಾಡಿಯವರಿಗೆ ವಿವರಿಸಬೇಕಾಗಿಲ್ಲ. ಅಲ್ಲಿ ಕಾಂಗರೂ, ಎಮು, ಬೇಲಿಯಿಲ್ಲದ ದನ, ಒಂಟೆ. ಕಾಂಗರೂ ಮುಸ್ಸಂಜೆಗೂ ನಸುಕಿಗೂ ರಸ್ತೆಯಂಚಿನ ಹುಲ್ಲಿಗೆ ಬರುತ್ತದೆ, ಬೆಳಕು ಕಂಡರೆ ಯಾವ ಕಡೆ ಹಾರೀತೆಂದು ಹೇಳಲಾಗದು. ಕಪ್ಪು ದನವಂತೂ ಹೆಡ್‌ಲೈಟಿಗೆ ಬೀಳುವಾಗ ತಡವಾಗಿರುತ್ತದೆ. ಪ್ರಾಣಿ ಅಡ್ಡ ಬಂದರೆ ನೇರ ಬ್ರೇಕ್ ಹಾಕಿ, ಸ್ಟಿಯರಿಂಗ್ ಎಳೆಯಬೇಡಿ. ಎಳೆದ ಗಾಡಿಗಳೇ ಮಗುಚುವುದು. ಹಗಲಲ್ಲಿ ಸತ್ತ ಪ್ರಾಣಿಯ ಮೇಲೆ ದೊಡ್ಡ ಹದ್ದು ಕೂತಿದ್ದರೆ ವೇಗ ತಗ್ಗಿಸಿ. ಹೊಟ್ಟೆ ತುಂಬಿದ ಹದ್ದು ಮೇಲೇಳಲು ಹೊತ್ತು ಬೇಕು, ಏಳುವುದು ಗಾಜಿನ ಎತ್ತರಕ್ಕೇ. ಬಾಡಿಗೆ ಗಾಡಿಯ ಕರಾರುಪತ್ರ ಪೂರ್ತಿ ಓದಿ. ಊರಾಚೆ ರಾತ್ರಿ ಓಡಿಸಿದರೆ, ಮಣ್ಣಿನ ರಸ್ತೆಗೆ ಇಳಿದರೆ ವಿಮೆ ಇಲ್ಲ ಎಂದು ಬಹಳಷ್ಟರಲ್ಲಿ ಬರೆದಿರುತ್ತದೆ. ಒಂಟಿ ಗಾಡಿ ಮಗುಚಿದ್ದು, ಅಡಿಭಾಗದ ಪೆಟ್ಟು ಇವನ್ನೂ ಹೊರಗಿಡುವುದುಂಟು.

ರೋಡ್ ಟ್ರೇನ್ ಎಂದರೆ ಮೂರು ಟ್ರೇಲರ್ ಎಳೆಯುವ ಲಾರಿ, 53.5 ಮೀಟರ್‌ವರೆಗೆ ಉದ್ದ. ಅದು 90ರಲ್ಲಿ ಹೋಗುತ್ತಿದೆ, ನೀವು 110ರಲ್ಲಿ ದಾಟುತ್ತೀರಿ ಎಂದಿಟ್ಟುಕೊಳ್ಳಿ. ಹಿಂದೆ, ಮುಂದೆ ಬಿಡುವ ಅಂತರ ಸೇರಿ ಸುಮಾರು 135 ಮೀಟರ್ ಹೆಚ್ಚು ಹೋಗಬೇಕು, 24 ಸೆಕೆಂಡ್ ಬೇಕು. ಅಷ್ಟರಲ್ಲಿ ನೀವು ಮುಕ್ಕಾಲು ಕಿಲೋಮೀಟರ್ ಓಡಿರುತ್ತೀರಿ, ಎದುರಿನಿಂದ ಬರುವವನೂ ಅಷ್ಟೇ ಓಡಿರುತ್ತಾನೆ. ಒಂದೂವರೆ ಕಿ.ಮೀ. ರಸ್ತೆ ಖಾಲಿ ಕಾಣದೆ ಹೊರಗೆ ತೆಗೆಯಬಾರದು. ದಾಟುವಾಗ ಲಾರಿಯ ಮೂಗಿನ ಹತ್ತಿರ ಬಂದೊಡನೆ ಗಾಳಿ ಗಾಡಿಯನ್ನು ತಳ್ಳುತ್ತದೆ, ಸ್ಟಿಯರಿಂಗ್ ಎರಡೂ ಕೈಯಲ್ಲಿರಲಿ.

ಪ್ರಶ್ನೆ: ಮೂವತ್ತು ವರ್ಷ ವಾಹನ ಕಾರ್ಖಾನೆಯಲ್ಲಿ ದುಡಿದವನು ನಾನು. ಮಗಳ ಸ್ವಂತ ಎಸ್‌ಯುವಿಯನ್ನೇ ಒಯ್ಯುತ್ತೇವೆ. ಈ ಕಾವಿಗೆ ಮೊದಲು ಕೈಕೊಡುವುದು ಯಾವುದು? ಹೊರಡುವ ಮುನ್ನ ಏನೇನು ನೋಡಲಿ?
— ಹೊಸೂರಿನ ಓದುಗರು

ಉತ್ತರ: ಟಯರು. ಆಮೇಲೆ ಕೂಲಿಂಗ್, ಆಮೇಲೆ ಬ್ಯಾಟರಿ. ಎಂಜಿನ್ ಕೊನೆಗೆ.

ಟಯರಿನ ಬದಿಯಲ್ಲಿ ನಾಲ್ಕಂಕಿಯ ತಯಾರಿಕೆ ಸಂಕೇತ ಓದಿ. 2319 ಎಂದಿದ್ದರೆ 2019ರ 23ನೆಯ ವಾರ. ಐದಾರು ವರ್ಷ ದಾಟಿದ್ದರೆ ಗುಂಡಿ ಆಳವಿದ್ದರೂ ಈ ಪಯಣಕ್ಕೆ ಬೇಡ, ಕಾವಿಗೆ ಪದರ ಬಿಡುತ್ತದೆ. ಸ್ಟೆಪ್ನಿಯದ್ದನ್ನೂ ನೋಡಿ, ಹಳತಾಗಿ ಗಟ್ಟಿಯಾಗಿರುವುದು ಹೆಚ್ಚಾಗಿ ಅದೇ. ಗಾಳಿಯನ್ನು ಬೆಳಿಗ್ಗೆ ಗಾಡಿ ಮುಟ್ಟುವ ಮೊದಲು ಅಳೆಯಬೇಕು, ತುಂಬಿದ ಭಾರಕ್ಕೆ ಬಾಗಿಲಂಚಿನ ಪಟ್ಟಿಯಲ್ಲಿ ಬರೆದಷ್ಟು. ಸುತ್ತಲಿನ ಕಾವು 5–6 ಡಿಗ್ರಿ ಏರಿದರೆ ಹೆಚ್ಚುಕಡಿಮೆ 1 ಪಿ.ಎಸ್.ಐ. ಏರುತ್ತದೆ. ಬೆಳಿಗ್ಗೆ 25 ಡಿಗ್ರಿಯಲ್ಲಿ 36 ಇದ್ದದ್ದು ಮಧ್ಯಾಹ್ನ 45 ಡಿಗ್ರಿಯಲ್ಲಿ ನಿಂತಲ್ಲೇ 39 ದಾಟುತ್ತದೆ. ಅದನ್ನು ಕಂಡು ಗಾಳಿ ಬಿಡುವುದೇ ಎಲ್ಲರೂ ಮಾಡುವ ತಪ್ಪು. ಬಿಟ್ಟರೆ ಟಯರಿನ ಬದಿ ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಕಾಯುತ್ತದೆ, ಕಾದು ಸಿಡಿಯುತ್ತದೆ. ಟಯರು ಸಿಡಿಯುವುದು ಗಾಳಿ ಹೆಚ್ಚಾಗಿ ಅಲ್ಲ, ಕಡಿಮೆಯಾಗಿ. ಒಂದು ಟಯರು ಮಾತ್ರ ಉಳಿದ ಮೂರಕ್ಕಿಂತ ಬಿಸಿಯಾಗಿದ್ದರೆ ಅದು ನಿಧಾನಕ್ಕೆ ಸೋರುತ್ತಿದೆ ಅಥವಾ ಆ ಚಕ್ರದ ಬ್ರೇಕ್ ಹಿಡಿದಿದೆ. ನಿಂತಾಗಲೆಲ್ಲ ಅಂಗೈ ಹತ್ತಿರ ಒಯ್ದು ನೋಡಿ, ಎರಡು ನಿಮಿಷದ ಕೆಲಸ. ಚಕ್ರ ಬದಲಿಸಿದ್ದರೆ 50–100 ಕಿ.ಮೀ. ಓಡಿದ ಮೇಲೆ ನಟ್ ಮತ್ತೆ ಬಿಗಿಯಿರಿ.

ಭಾರವನ್ನೂ ತೂಗಿ ನೋಡಿ. ನಾಲ್ವರು ದೊಡ್ಡವರು 280 ಕೆ.ಜಿ., ನೀರು 80, ಫ್ರಿಜ್, ಬ್ಯಾಟರಿ 60, ಟೆಂಟು, ಪಾತ್ರೆ, ಬಟ್ಟೆ 80. ಐನೂರು ಮುಟ್ಟಿತು. ಹೆಚ್ಚಿನ ಎಸ್‌ಯುವಿಗಳ ಹೊರೆಯ ಮಿತಿಯೂ ಅಲ್ಲೇ ಎಲ್ಲೋ ಇರುತ್ತದೆ. ನೀರಿನ ಕ್ಯಾನ್‌ಗಳು ತಳಕ್ಕೆ, ಹಿಂದಿನ ಆಕ್ಸಲಿನ ಮುಂದಕ್ಕೆ ಬರಲಿ. ತಲೆಯ ಮೇಲೆ ಹಾಸಿಗೆ, ಟೆಂಟು ಇಷ್ಟೇ.

ಕೂಲಂಟ್ ಬಣ್ಣ ಮಾಸಿದ್ದರೆ ಅರ್ಧಕ್ಕರ್ಧ ಬೆರೆಸಿದ ಹೊಸದು ಹಾಕಿಸಿ. ರೇಡಿಯೇಟರ್ ಕ್ಯಾಪಿನ ರಬ್ಬರ್ ವಾಷರ್ ಬೆರಳಲ್ಲಿ ಒತ್ತಿ ನೋಡಿ, ಗಟ್ಟಿಯಾಗಿದ್ದರೆ ಬದಲಿಸಿ. ಕ್ಯಾಪ್ ಒತ್ತಡ ಹಿಡಿಯದಿದ್ದರೆ ಕೂಲಂಟ್ ಬೇಗ ಕುದಿಯುತ್ತದೆ. ಚಿಕ್ಕ ವಸ್ತು, ದೊಡ್ಡ ತೊಂದರೆ. ಮೇಲಿನ, ಕೆಳಗಿನ ಹೋಸ್ ಹಿಸುಕಿದಾಗ ಮೆತ್ತಗಾಗಿ ಉಬ್ಬಿದ್ದರೆ ಅಥವಾ ಬಿರುಕು ಕಂಡರೆ ತೆಗೆದೇ ಬಿಡಿ. ಒಂದೊಂದು ಬಿಡಿ ಹೋಸ್, ಫ್ಯಾನ್ ಬೆಲ್ಟ್, ಕ್ಲಿಪ್‌ಗಳು, 5 ಲೀಟರ್ ಕೂಲಂಟ್, ಒಂದು ಏರ್ ಫಿಲ್ಟರ್, ಫ್ಯೂಸ್, ಕಂಪ್ರೆಸರ್, ಪಂಕ್ಚರ್ ಪ್ಲಗ್ ಕಿಟ್ ಜತೆಗಿರಲಿ. ಜ್ಯಾಕ್ ಕೆಳಗಿಡಲು ಒಂದಡಿ ಚೌಕದ ದಪ್ಪ ಹಲಗೆ ಮರೆಯಬೇಡಿ. ರಸ್ತೆಯಂಚಿನ ಮರಳಲ್ಲಿ ಜ್ಯಾಕ್ ಹೂತುಹೋಗುತ್ತದೆ.

ಸೂಜಿ ಕೆಂಪಿನತ್ತ ಹೋದರೆ ಎ.ಸಿ. ನಿಲ್ಲಿಸಿ, ಹೀಟರ್ ಪೂರ್ತಿ ಹಾಕಿ, ಕಿಟಕಿ ಇಳಿಸಿ. ಒಳಗೆ ಕೂರುವುದು ಯಾತನೆ, ಆದರೆ ಹೀಟರೂ ಒಂದು ಚಿಕ್ಕ ರೇಡಿಯೇಟರೇ. ಸೂಜಿ ಇಳಿಯದಿದ್ದರೆ ಮೂತಿ ಗಾಳಿಗೆ ಮಾಡಿ ನಿಲ್ಲಿಸಿ. ಕೂಲಂಟ್ ಸೋರುತ್ತಿಲ್ಲವಾದರೆ ಎರಡು ನಿಮಿಷ ಐಡಲ್‌ನಲ್ಲಿ ಬಿಟ್ಟು ಆಮೇಲೆ ಆರಿಸಿ, ಸೋರುತ್ತಿದ್ದರೆ ತಕ್ಷಣ ಆರಿಸಿ. ಮುಕ್ಕಾಲು ಗಂಟೆ ಕ್ಯಾಪ್ ಮುಟ್ಟಬೇಡಿ. ಬಿಸಿ ಎಂಜಿನಿಗೆ ತಣ್ಣೀರು ಹಾಕಿದರೆ ಹೆಡ್ ಬಿರಿಯುತ್ತದೆ. ಗ್ರಿಲ್ಲಿನ ಹಿಂದೆ ಮಿಡತೆ, ಹುಲ್ಲಿನ ಬೀಜ ಮೆತ್ತಿಕೊಂಡು ಗಾಳಿ ಕಟ್ಟಿರುವುದೇ ಎಷ್ಟೋ ಸಲ ಕಾರಣ. ಮೆತ್ತನೆಯ ಬ್ರಷ್ ಸಾಕು. ಒಣಹುಲ್ಲಿನ ಮೇಲೆ ಮಾತ್ರ ಗಾಡಿ ನಿಲ್ಲಿಸಬೇಡಿ. ಕಾದ ಸೈಲೆನ್ಸರ್ ಹುಲ್ಲಿಗೆ ತಗಲಿ ಗಾಡಿಯೇ ಸುಟ್ಟುಹೋದದ್ದುಂಟು.

ಪ್ರಶ್ನೆ: ಅಮ್ಮನ ಇನ್ಸುಲಿನ್‌ಗಾಗಿ ಗಾಡಿಯಲ್ಲಿ ಫ್ರಿಜ್ ಬೇಕೇ ಬೇಕು. 100 ಆಂಪಿಯರ್-ಅವರ್ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ?
— ಮಂಜೇಶ್ವರದ ಓದುಗರು

ಉತ್ತರ: 45 ಲೀಟರಿನ 12 ವೋಲ್ಟ್ ಕಂಪ್ರೆಸರ್ ಫ್ರಿಜ್ ಓಡುವಾಗ ಸುಮಾರು 4 ಆಂಪಿಯರ್ ಎಳೆಯುತ್ತದೆ. ತಂಪು ದಿನ ಗಂಟೆಯಲ್ಲಿ ಇಪ್ಪತ್ತು ನಿಮಿಷ ಓಡಿದರೆ 42 ಡಿಗ್ರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊತ್ತು ಓಡುತ್ತದೆ. ದಿನಕ್ಕೆ 50–55 ಆಂಪಿಯರ್-ಅವರ್ ಎಂದು ಹಿಡಿಯಿರಿ. ಎ.ಜಿ.ಎಂ. ಎಂಬ ಸೀಸದ ಬ್ಯಾಟರಿಯಲ್ಲಿ ಅರ್ಧ ಮಾತ್ರ ಬಳಸಬೇಕು, ಅಂದರೆ ಗಾಡಿ ಓಡಿಸದೆ ನಿಂತರೆ ಒಂದೇ ದಿನ. ಅಷ್ಟೇ ಅಳತೆಯ ಲಿಥಿಯಂ ಆದರೆ ಒಂದೂವರೆ ದಿನ. ಲಿಥಿಯಂ ಬ್ಯಾಟರಿಯನ್ನು ಬಾನೆಟ್ಟಿನೊಳಗೆ ಇಡಬಾರದು, ತೀರಾ ಕಾದರೆ ತಾನೇ ಚಾರ್ಜ್ ನಿಲ್ಲಿಸಿಬಿಡುತ್ತದೆ. ಗಾಡಿ ಓಡುವಾಗ ಈ ಬ್ಯಾಟರಿ ತುಂಬಿಸುವ 25 ಆಂಪಿಯರಿನ ಡಿ.ಸಿ.–ಡಿ.ಸಿ. ಚಾರ್ಜರ್ ಇದ್ದರೆ ಎರಡು ಮೂರು ಗಂಟೆ ಓಡಿಸುವುದರಲ್ಲಿ ದಿನದ ಖರ್ಚು ತುಂಬುತ್ತದೆ. ಸೋಲಾರ್ ಫಲಕ 70 ಡಿಗ್ರಿಗೆ ಕಾದಾಗ ಬರೆದ ವ್ಯಾಟಿಗಿಂತ ಆರನೆಯ ಒಂದು ಪಾಲಿನಷ್ಟು ಕಡಿಮೆ ಕೊಡುತ್ತದೆ, ಅದನ್ನು ಕಳೆದೇ ಲೆಕ್ಕ ಹಾಕಿ.

ಇನ್ಸುಲಿನ್ ಹೆಪ್ಪುಗಟ್ಟಿದರೂ ಕೆಟ್ಟಿತು, ಕಾದರೂ ಕೆಟ್ಟಿತು. ಫ್ರಿಜ್ 4–5 ಡಿಗ್ರಿಗೆ ಇಟ್ಟು, ಬಟ್ಟೆಯಲ್ಲಿ ಸುತ್ತಿ, ಗೋಡೆಗೆ ತಾಗದಂತೆ ನಡುವೆ ಇಡಿ. ಒಳಗೊಂದು ಚಿಕ್ಕ ಥರ್ಮಾಮೀಟರ್ ಬೇಕು. ಔಷಧವನ್ನು ಎರಡು ಪಾಲು ಮಾಡಿ ಒಂದು ಪಾಲು ಫ್ಲಾಸ್ಕಿನಲ್ಲಿಟ್ಟುಕೊಳ್ಳಿ. ಫ್ರಿಜ್ ಒಂದನ್ನೇ ನಂಬಬೇಡಿ.

ಪ್ರಶ್ನೆ: ನಾವು ಸಸ್ಯಾಹಾರಿಗಳು. ಊರಿಂದ ಕಟಕ ರೊಟ್ಟಿ, ಶೇಂಗಾ ಚಟ್ನಿ ಒಯ್ಯಬಹುದೆ? ದಾರಿಯಲ್ಲಿ ಒಲೆ ಹಚ್ಚಬಹುದೆ?
— ಜತ್ತದ ಓದುಗರು

ಉತ್ತರ: ಕಟಕ ರೊಟ್ಟಿಗಿಂತ ಒಳ್ಳೆಯ ಬುತ್ತಿ ಆ ದಾರಿಗಿಲ್ಲ. ನೀರಿನಂಶವಿಲ್ಲ, ಕೆಡುವುದಿಲ್ಲ. ವಿಮಾನದಲ್ಲಿ ಕೊಡುವ ಕಾರ್ಡಿನಲ್ಲಿ ತಿನಿಸು ಇದೆ ಎಂಬುದಕ್ಕೆ ‘ಹೌದು’ ಎಂದೇ ಗುರುತು ಹಾಕಿ, ಎಲ್ಲವನ್ನೂ ಒಂದೇ ಚೀಲದಲ್ಲಿಟ್ಟು ತೋರಿಸಿ. ತೋರಿಸಿದ್ದು ಬೇಡವೆಂದರೆ ತೆಗೆದಿಟ್ಟುಕೊಳ್ಳುತ್ತಾರೆ, ಅಷ್ಟೇ. ಮುಚ್ಚಿಟ್ಟದ್ದು ಸಿಕ್ಕಿದರೆ ದೊಡ್ಡ ದಂಡ, ವೀಸಾ ರದ್ದಾಗುವುದೂ ಉಂಟು. ಹಸಿ ಕರಿಬೇವು, ವೀಳ್ಯದೆಲೆ, ಹಣ್ಣು, ಹಾಲಿನ ಸಿಹಿ, ಮನೆಯ ತುಪ್ಪ ಇವನ್ನು ಮನೆಯಲ್ಲೇ ಬಿಡಿ. ಅವಲಕ್ಕಿ, ರವೆ, ಬೇಳೆ, ಉಪ್ಪಿನಕಾಯಿ ಅಡಿಲೇಡ್‌ನ ಇಂಡಿಯನ್ ಅಂಗಡಿಗಳಲ್ಲೇ ಸಿಗುತ್ತವೆ. ಮರಳಿ ದಕ್ಷಿಣ ಆಸ್ಟ್ರೇಲಿಯಕ್ಕೆ ಬರುವಾಗಲೂ ಹಣ್ಣು, ತರಕಾರಿ ಗಡಿ ದಾಟಿಸಬೇಡಿ. ಹಣ್ಣಿನ ನೊಣದ ವಿಷಯದಲ್ಲಿ ಆ ರಾಜ್ಯ ಬಲು ಬಿಗಿ.

ಒಲೆಯ ವಿಷಯ: ಗಾಳಿ, ಕಾವು ಹೆಚ್ಚಿದ ದಿನ ‘ಟೋಟಲ್ ಫೈರ್ ಬ್ಯಾನ್’ ಘೋಷಿಸುತ್ತಾರೆ. ಆ ದಿನ ಸೌದೆ ಬೆಂಕಿ ಇಲ್ಲವೇ ಇಲ್ಲ. ಬಯಲಿನಲ್ಲಿ ಗ್ಯಾಸ್ ಒಲೆಗೂ ಕಟ್ಟುಪಾಡುಗಳಿವೆ, ರಾಜ್ಯಕ್ಕೊಂದು ಬಗೆ. ಹಾಗಾಗಿ ದಿನಕ್ಕೊಂದು ಹೊತ್ತಿನ ಊಟ ಒಲೆ ಬೇಡದ್ದಿರಲಿ: ರೊಟ್ಟಿ, ಚಟ್ನಿ, ನೆನೆಸಿದ ಅವಲಕ್ಕಿ, ಮೊಸರು. ಗ್ಯಾಸ್ ಕ್ಯಾನಿಸ್ಟರ್, ಲೈಟರ್, ಸೊಳ್ಳೆಯ ಸ್ಪ್ರೇ ಡ್ಯಾಶ್‌ಬೋರ್ಡಿನ ಮೇಲೆ ಬಿಟ್ಟು ಹೋದರೆ ಸಿಡಿಯುತ್ತವೆ.

ಪ್ರಶ್ನೆ: ಟೆಂಟ್ ಎಲ್ಲಿ ಹಾಕಬೇಕು? ಹಾವಿನ ಭಯವಿದೆ.
— ಕುಂಬಳೆಯ ಓದುಗರು

ಉತ್ತರ: ಒಣಗಿದ ಹೊಳೆಯ ಮರಳು ಮೆತ್ತಗಿದೆಯೆಂದು ಅಲ್ಲಿ ಹಾಕಬೇಡಿ, ಎಲ್ಲೋ ಬಿದ್ದ ಮಳೆ ರಾತ್ರಿ ಬಂದು ತಲಪುತ್ತದೆ. ದೊಡ್ಡ ರೆಡ್ ಗಮ್ ಮರದಡಿಯೂ ಬೇಡ, ಗಾಳಿಯಿಲ್ಲದಾಗಲೂ ಕೊಂಬೆ ಮುರಿದು ಬೀಳುವ ಮರ ಅದು. ಮರದ ನೆರಳು ಟೆಂಟಿನ ಮೇಲೆ ಬೀಳುವಷ್ಟು ದೂರದಲ್ಲಿ ಹಾಕಿ. ಪೂರ್ತಿ ಬಲೆಯ ಒಳಟೆಂಟು ಸಾಕು, ಮೇಲುಹೊದಿಕೆ ಮಳೆಗೆ ಮಾತ್ರ. ಪ್ಲಾಸ್ಟಿಕ್ ಗೂಟ ಆ ನೆಲಕ್ಕೆ ಇಳಿಯುವುದಿಲ್ಲ, ಉಕ್ಕಿನದ್ದೇ ಬೇಕು.

ರಾತ್ರಿ ಟಾರ್ಚ್, ಮುಚ್ಚಿದ ಶೂ. ಬೆಳಿಗ್ಗೆ ಶೂ ಕೊಡವಿ ಹಾಕಿಕೊಳ್ಳಿ. ಹಾವು ಕಚ್ಚಿದರೆ ತೊಳೆಯಬೇಡಿ, ಕೊಯ್ಯಬೇಡಿ, ಹಗ್ಗದ ಕಟ್ಟು ಹಾಕಬೇಡಿ. 10–15 ಸೆಂ.ಮೀ. ಅಗಲದ ಇಲಾಸ್ಟಿಕ್ ಬ್ಯಾಂಡೇಜನ್ನು ಉಳುಕಿದ ಕಾಲಿಗೆ ಸುತ್ತುವಷ್ಟು ಬಿಗಿಯಾಗಿ ಕಚ್ಚಿದ ಜಾಗಕ್ಕೆ ಸುತ್ತಿ. ಆಮೇಲೆ ಬೆರಳ ತುದಿಯಿಂದ ಮೇಲಕ್ಕೆ ಇಡೀ ಕಾಲು ಅಥವಾ ಕೈಗೆ ಸುತ್ತಿ ಕೋಲು ಕಟ್ಟಿ ಅಲುಗದಂತೆ ಮಲಗಿಸಿ. ಅಂಥ ಎರಡು ಬ್ಯಾಂಡೇಜ್ ಕೈಗೆ ಸಿಗುವಲ್ಲಿರಲಿ. ಕೆಂಪು ಬೆನ್ನಿನ ಜೇಡಕ್ಕೆ ಈ ಕಟ್ಟು ಬೇಡ, ತಣ್ಣನೆಯ ಪಟ್ಟಿ ಸಾಕು, ನೋವು ಹೆಚ್ಚಿದರೆ ಆಸ್ಪತ್ರೆ.

ನೊಣಗಳ ಕಾಟ ಹಾವಿಗಿಂತ ನಿಜ. ಕಣ್ಣಿನ ತೇವಕ್ಕೇ ಮುತ್ತುತ್ತವೆ. ಟೊಪ್ಪಿಯ ಮೇಲೆ ಹಾಕುವ ಬಲೆ ಕೊಳ್ಳಿ. ಸೂರ್ಯ ಮುಳುಗಿದರೆ ಒಂದೂ ಇರುವುದಿಲ್ಲ.

ಪ್ರಶ್ನೆ: ಫೋನ್ ಸಿಗ್ನಲ್ ಇಲ್ಲದಲ್ಲಿ ಗಾಡಿ ಕೆಟ್ಟು ನಿಂತರೆ? ಹತ್ತಿರದ ಊರಿಗೆ ನಡೆದು ಹೋಗಬಹುದೆ?
— ಮಡಕಶಿರದ ಓದುಗರು

ಉತ್ತರ: ನಡೆಯಬಾರದು. ಈ ಪುಟದಲ್ಲಿ ಬೇರೇನು ಮರೆತರೂ ಇದನ್ನು ಮರೆಯಬೇಡಿ. 1963ರ ಡಿಸೆಂಬರಿನಲ್ಲಿ ಬರ್ಡ್ಸ್‌ವಿಲ್ ಟ್ರ್ಯಾಕ್‌ನಲ್ಲಿ ದಾರಿ ತಪ್ಪಿ ಪೆಟ್ರೋಲ್ ಮುಗಿದ ಒಂದೇ ಕುಟುಂಬದ ಐವರು ಕಾರು ಬಿಟ್ಟು ನಡೆದು ಬಾಯಾರಿ ತೀರಿಕೊಂಡರು. ವಿಮಾನದಿಂದ ಹುಡುಕುವವರ ಕಣ್ಣಿಗೆ ಕಾರು ಬೀಳುತ್ತದೆ, ಮನುಷ್ಯ ಬೀಳುವುದಿಲ್ಲ. ಕಾರಿನಲ್ಲಿ ನೀರಿದೆ, ನೆರಳಿದೆ, ಕನ್ನಡಿ ಇದೆ.

ಗಾಡಿಯನ್ನು ರಸ್ತೆಯಂಚಿಗೆ ತಳ್ಳಿ ಬಾನೆಟ್ ಎತ್ತಿ. ಬಾಗಿಲು ಮುಚ್ಚಿ ಒಳಗೆ ಕೂರಬೇಡಿ, ಎ.ಸಿ. ಇಲ್ಲದ ಕಾರು ಅರ್ಧ ಗಂಟೆಯಲ್ಲಿ ಒಲೆಯಾಗುತ್ತದೆ. ಬಿಸಿಲು ಬೀಳದ ಬದಿಗೆ ಟಾರ್ಪಾಲ್ ಕಟ್ಟಿ. ಕಾದ ನೆಲದ ಮೇಲೆ ಕೂರುವ ಬದಲು ಮೇಲಿನ ಒಂದು ಗೇಣು ಮಣ್ಣು ಕೆರೆದು ತೆಗೆಯಿರಿ, ಕೆಳಗೆ ತಂಪಿರುತ್ತದೆ. ಹಾಸಿಗೆಯೋ ಸೀಟೋ ಹಾಕಿಕೊಂಡರೂ ಸರಿ. ನೀರನ್ನು ಉಳಿಸಲೆಂದು ಬಾಯಾರಿಕೆ ತಡೆಯಬೇಡಿ. ಉಳಿಸಬೇಕಾದ್ದು ಬೆವರನ್ನು. ಹಗಲಲ್ಲಿ ಅಲುಗಾಡಬೇಡಿ, ರಿಪೇರಿ ಏನಿದ್ದರೂ ಸಂಜೆಯ ಮೇಲೆ.

ಸ್ಟುವರ್ಟ್ ಹೆದ್ದಾರಿಯಲ್ಲಾದರೆ ಸಾಮಾನ್ಯವಾಗಿ ಗಂಟೆಯೊಳಗೆ ಯಾರಾದರೂ ಬರುತ್ತಾರೆ, ನಿಲ್ಲಿಸಿ ವಿಚಾರಿಸುವುದು ಅಲ್ಲಿಯ ರೂಢಿ. ಗಾಡಿಯಿಂದ ಗಾಡಿಗೆ ಮಾತಾಡುವ ಯು.ಎಚ್.ಎಫ್. ರೇಡಿಯೊ ಇದ್ದರೆ 40ನೆಯ ಚಾನೆಲ್ ಲಾರಿಯವರದ್ದು, 5 ತುರ್ತಿನದ್ದು. ಒಳನಾಡಲ್ಲಿ ಸಿಗ್ನಲ್ ಹೆಚ್ಚು ಕಡೆ ಸಿಗುವುದು ಟೆಲ್‌ಸ್ಟ್ರಾ ಕಂಪನಿಯದ್ದು, ಅದೂ ಊರುಗಳ ಸುತ್ತ ಮಾತ್ರ. ಪಿ.ಎಲ್.ಬಿ. ಎಂಬ ಅಂಗೈಯಗಲದ ಬೀಕನ್ ಬಾಡಿಗೆಗೂ ಸಿಗುತ್ತದೆ. ಆಂಟೆನಾ ಬಿಡಿಸಿ ಗುಂಡಿ ಒತ್ತಿದರೆ 406 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹದ ಮೂಲಕ ರಕ್ಷಣಾ ಕೇಂದ್ರಕ್ಕೆ ಸುದ್ದಿ ಮುಟ್ಟುತ್ತದೆ. ತೆರೆದ ಆಕಾಶದಡಿ ಇಡಬೇಕು, ಒತ್ತಿದ ಮೇಲೆ ಆರಿಸಬಾರದು. ಜೀವಕ್ಕೆ ಅಪಾಯವಿದ್ದರೆ ಮಾತ್ರ ಒತ್ತುವುದು. ಟಯರು ಪಂಕ್ಚರಿಗಲ್ಲ.

ಹೆದ್ದಾರಿಯ ಕೆಲವು ತುಂಡುಗಳಲ್ಲಿ ರಸ್ತೆಯ ಮೇಲೆ ದಪ್ಪ ಬಿಳಿ ಪಟ್ಟಿ, ಬದಿಯಲ್ಲಿ ವಿಮಾನದ ಫಲಕ ಕಾಣುತ್ತದೆ. 1928ರಲ್ಲಿ ಕ್ಲೊನ್‌ಕರಿ ಎಂಬ ಊರಿನಿಂದ ಹಾರಲು ತೊಡಗಿದ, ದೂರದ ಜಾಗಗಳಿಗೆ ವೈದ್ಯರನ್ನು ಒಯ್ಯುವ ಫ್ಲೈಯಿಂಗ್ ಡಾಕ್ಟರ್ ವಿಮಾನಗಳು ತುರ್ತಿಗೆ ಇಳಿಯುವ ಜಾಗ ಅದು. ಅಲ್ಲಿ ಗಾಡಿ ನಿಲ್ಲಿಸಬಾರದು.

ದಿನವೂ ಹೊರಡುವ ಮುಂಚೆ ಅಡಿಲೇಡ್‌ನಲ್ಲಿರುವ ಒಬ್ಬರಿಗೆ ಮೆಸೇಜ್ ಕಳಿಸಿ: ಎಲ್ಲಿಂದ ಎಲ್ಲಿಗೆ, ಯಾವ ರಸ್ತೆ, ಗಾಡಿಯ ನಂಬರ್, ಎಷ್ಟು ಗಂಟೆಗೆ ತಲಪುತ್ತೇವೆ, ಎಷ್ಟು ಗಂಟೆಯವರೆಗೆ ಸುದ್ದಿ ಇಲ್ಲದಿದ್ದರೆ ಪೊಲೀಸರಿಗೆ ಹೇಳಬೇಕು. ಮಡಕಶಿರದ ಮನೆಗಲ್ಲ, ಅಲ್ಲಿಂದ ಅವರು ಮಾಡಬಹುದಾದದ್ದು ಕಡಿಮೆ. ತಲಪಿದೊಡನೆ ಅದೇ ವ್ಯಕ್ತಿಗೆ ‘ತಲಪಿದೆವು’ ಎಂದು ಕಳಿಸಿ, ಟೆಂಟ್ ಬಿಚ್ಚುವ ಮೊದಲು.